ಪದಕ ಹೊಲಿಯುವ ಅಕ್ಕು ಮತ್ತು ಬಂದೂಕಿಲ್ಲದ ಆಟಗಾರರು

ಹಾಲ್‌ನ ಬಾಗಿಲು ಜನರಿಗೆ ಇನ್ನೂ ತೆರೆದಿಲ್ಲ. ಮೆಲ್ಬರ್ನ್‌ನ ಪಶ್ಚಿಮ ಅಂಚಿನ ಪ್ರದರ್ಶನ ಮೈದಾನ. ಮಾರ್ಚ್ ತಿಂಗಳ ಬೆಳಗು. ತಗಡಿನ ಚಾವಣಿಯ ದೀಪಗಳು ಮಿಟುಕಿ ಮಿಟುಕಿ ಒಂದೊಂದಾಗಿ ಹೊತ್ತಿಕೊಳ್ಳುತ್ತಿವೆ. ಬೆಳಕು ಬಿದ್ದಲ್ಲೆಲ್ಲ ಯಾವುದೋ ಮುಗಿದ ಯುದ್ಧದ ಸಾಮಾನು: ಬಣ್ಣ ಎದ್ದ ಹೆಲ್ಮೆಟ್‌ಗಳು, ಒರೆಯಲ್ಲಿ ಮಲಗಿದ ಕತ್ತಿಗಳು, ಸರಪಳಿ ಹಾಕಿ ಬೀಗ ಜಡಿದ ರೈಫಲ್‌ಗಳು, ಯಾರೋ ಕೊನೆಯ ಗುಟುಕು ಕುಡಿದಿಟ್ಟಂತಿರುವ ನೀರಿನ ಬಾಟಲಿ. ಇವುಗಳ ನಡುವೆ ಒಂದು ಮೇಜಿನ ಮೇಲೆ ಮಾತ್ರ ಕಡುನೀಲಿ ಬಟ್ಟೆ ಹಾಸಿದೆ. ಅದರ ಹಿಂದೆ ಕುಳಿತ ಅಕ್ಕು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಸೂಜಿಗೆ ದಾರ ಪೋಣಿಸುತ್ತಾರೆ.

ಹಳೆಯ ಆಯುಧ, ಸೇನಾ ಸ್ಮರಣಿಕೆಗಳ ಈ ಪ್ರದರ್ಶನಕ್ಕೆ ಬರುವ ಬೇಟೆಗಾರರು, ಶೂಟಿಂಗ್ ಕ್ಲಬ್ಬಿನವರು, ಸಂಗ್ರಾಹಕರು ಎಲ್ಲರಿಗೂ ಅಕ್ಕು ಗೊತ್ತು. ಆದರೆ ಕರಪತ್ರದಲ್ಲಿ ಅವರ ಹೆಸರಿಲ್ಲ, ಮೇಜಿನ ಮೇಲೆ ಬೋರ್ಡ್ ಕೂಡ ಇಲ್ಲ. ಸೈನಿಕರ ಪದಕಗಳನ್ನು ಎದೆಗೆ ಹಚ್ಚಿಕೊಳ್ಳುವಂತೆ ಸಾಲಾಗಿ ಕಟ್ಟಿಕೊಡುವುದು ಅವರ ಕೆಲಸ. ಗಟ್ಟಿ ರಟ್ಟಿನ ಮೇಲೆ ಬಣ್ಣದ ರಿಬ್ಬನ್ನುಗಳನ್ನು ಒಂದರ ಅಂಚಿಗೊಂದು ಕೂರಿಸಿ ಹೊಲಿಯಬೇಕು. ಪದಕಗಳು ಒಂದಕ್ಕೊಂದು ತಗುಲಿ ಸದ್ದು ಮಾಡದಂತೆ ಬಿಗಿಯಬೇಕು. ಹಿಂದೆ ಪಿನ್ನು. ಇಷ್ಟೇ. ಆದರೆ ಮುಗಿದ ಸಾಲನ್ನು ಬೆಳಕಿಗೆ ಹಿಡಿದರೂ ಒಂದು ಹೊಲಿಗೆಯೂ ಕಣ್ಣಿಗೆ ಬೀಳುವುದಿಲ್ಲ. ಐದು ಲೋಹದ ತುಂಡುಗಳು ತಾವಾಗಿಯೇ ಒಂದು ಶಿಸ್ತಿಗೆ ಬಂದು ನಿಂತಂತೆ ಇರುತ್ತದೆ. ನೋಡುವವರು ಯಾಕೋ ತಾವೂ ಸ್ವಲ್ಪ ನೆಟ್ಟಗೆ ನಿಲ್ಲುತ್ತಾರೆ.

ಪಕ್ಕದಲ್ಲಿ ಫ್ಲಾಸ್ಕ್ ಹಿಡಿದು ಕುಳಿತ ಗಂಡ ಕೊರಗಪ್ಪನವರದು ಮೇಲುಸ್ತುವಾರಿ. "ಹಾಲ್ ತುಂಬ ಬಂದೂಕು ಉಂಟು ನೋಡಿ, ಆದ್ರೆ ಇಲ್ಲಿ ಎಲ್ರೂ ಹೆದರುದು ಇವಳ ಕತ್ತರಿಗೆ" ಎನ್ನುತ್ತಾರೆ. ಅಕ್ಕು ತಲೆ ಎತ್ತದೆ ತುಳುವಿನಲ್ಲಿ ಏನೋ ಹೇಳುತ್ತಾರೆ. ಕೊರಗಪ್ಪ ಚಹಾ ಬಗ್ಗಿಸುತ್ತಾರೆ.

ಈ ಬೆರಳುಗಳು ಮೊದಲು ಕಲಿತದ್ದು ಬೀಡಿಗೆ ನೂಲು ಸುತ್ತುವುದನ್ನು. ಕಾಪುವಿನ ಹತ್ತಿರದ ಊರಿನಲ್ಲಿ ತಾಯಿ, ಚಿಕ್ಕಮ್ಮ, ಅಕ್ಕಂದಿರು ಎಲ್ಲರೂ ಬೀಡಿ ಕಟ್ಟುವವರು. ಆಮೇಲೆ ಅಕ್ಕು ರವಿಕೆ ಹೊಲಿದರು. ಹೋಟೆಲ್ ಅಡುಗೆಯಲ್ಲಿ ಪಳಗಿದ್ದ ಕೊರಗಪ್ಪನವರಿಗೆ ಮೆಲ್ಬರ್ನ್‌ನ ಭಾರತೀಯ ರೆಸ್ಟೋರೆಂಟೊಂದರಲ್ಲಿ ಕೆಲಸ ಸಿಕ್ಕಾಗ ಮಗಳು ನಿರೀಕ್ಷಾಳನ್ನು ಕರೆದುಕೊಂಡು ಇಲ್ಲಿಗೆ ಬಂದರು. ಪಿಆರ್, ಅಂದರೆ ಕಾಯಂ ನೆಲೆಸುವ ಅನುಮತಿ, ಸಿಗುವವರೆಗೆ ಗಂಡನಿಗೆ ಕೆಲಸ ಬಿಡುವ ಧೈರ್ಯವಿಲ್ಲ, ಹೆಂಡತಿಗೆ ಇಂಗ್ಲಿಷ್ ಇಲ್ಲ. ಪಾಯಿಂಟ್ ಕುಕ್‌ನ ಮನೆಯ ಹತ್ತಿರ, ಪ್ಯಾಂಟಿನ ಉದ್ದ ಕಡಿಮೆ ಮಾಡುವ, ಜಿಪ್ ಹಾಕುವ ಪುಟ್ಟ ಅಂಗಡಿಯೊಂದರಲ್ಲಿ ಅಕ್ಕು ಸೇರಿಕೊಂಡರು. ಅಲ್ಲಿ ಮಾತಿಗಿಂತ ಟೇಪು ಮುಖ್ಯವಾಗಿತ್ತು.

ಒಂದು ದಿನ ಆ ಅಂಗಡಿಗೆ ನೆವಿಲ್ ಎಂಬ ಮುದುಕರು ಬಂದರು. ಟ್ರಾಮ್ ಓಡಿಸಿ ನಿವೃತ್ತರಾದವರು. ಕೈಯಲ್ಲಿ ತಂದೆಯ ಪದಕಗಳು. ಎರಡನೆಯ ಮಹಾಯುದ್ಧದಲ್ಲಿ ನ್ಯೂಗಿನಿಯ ಕಾಡಿನಿಂದ ಜೀವಂತ ಮರಳಿದ ಆ ತಂದೆಗೆ ಸಿಕ್ಕವು. ರಿಬ್ಬನ್ ಹರಿದಿದೆ, ಹೊಲಿದುಕೊಡಿ ಎಂದರು. ಅಕ್ಕು ಒಪ್ಪಿಕೊಂಡರು, ಮತ್ತು ಕೇಳದೇ ಇದ್ದ ಇನ್ನೊಂದು ಉಪಕಾರವನ್ನೂ ಮಾಡಿದರು.

"ಕಪ್ಪಾಗಿತ್ತಲ್ಲ, ಹುಣಸೆಹುಳಿ ಹಾಕಿ ತಿಕ್ಕಿದೆ. ನಾವು ದೀಪ ತಿಕ್ಕುದಿಲ್ವಾ, ಹಾಗೆ. ನಕ್ಷತ್ರದ ಹಾಗಿರುವ ಪದಕ ಚಿನ್ನದ ಹಾಗೆ ಹೊಳೀತಿತ್ತು. ಅವರಿಗೆ ಖುಷಿ ಆಗ್ತದೆ ಅಂತ ಎಣಿಸಿದ್ದು ನಾನು."

ನೆವಿಲ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತುಬಿಟ್ಟರಂತೆ. ಆ ಕಪ್ಪು ಕೊಳೆಯಲ್ಲ. ತಂದೆ ಪ್ರತಿ ರಾತ್ರಿ ಅದನ್ನು ಹಿಡಿದು ಕುಳಿತಿರುತ್ತಿದ್ದ ಕೈಯ ಬೆವರು. ಸಂಗ್ರಾಹಕರು ಎಂದೂ ಅಳಿಸದ ಬಣ್ಣ ಅದು. ಅವರು ಬೈಯಲಿಲ್ಲ. ಮುಂದಿನ ವಾರ ಚಿಕ್ಕಪ್ಪನ ಪದಕಗಳನ್ನು ತಂದು ಅಕ್ಕುವಿನ ಎದುರು ಇಟ್ಟು, ಮೊದಲು ಏನನ್ನು ಮಾಡಬಾರದು ಎಂಬುದರಿಂದ ಪಾಠ ಶುರು ಮಾಡಿದರು. ಯಾವ ರಿಬ್ಬನ್ ಯಾವ ಯುದ್ಧದ್ದು, ಯಾವುದರ ಪಕ್ಕ ಯಾವುದು ಬರಬೇಕು, ಎಲ್ಲ ಅವರೇ ಕಲಿಸಿದ್ದು. ಈ ಪ್ರದರ್ಶನದಲ್ಲಿ ಮೇಜು ಕೊಡಿಸಿದವರೂ ಅವರೇ.

ಆ ಪಾಠಗಳಲ್ಲಿ ಒಂದು ಅಕ್ಕುವಿನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಯುದ್ಧಕ್ಕೆ ಹೋದವರನ್ನು ಇಡೀ ದೇಶ ನೆನೆಯುವ ಏಪ್ರಿಲ್ ಇಪ್ಪತ್ತೈದರ ಆನ್ಜಾಕ್ ದಿನದಂದು ನಸುಕಿನಲ್ಲಿ ಸ್ಮಾರಕಗಳ ಮುಂದೆ ಜನ ಸೇರುತ್ತಾರೆ. ಯುದ್ಧಕ್ಕೆ ಹೋದವನು ತನ್ನ ಪದಕವನ್ನು ಎಡ ಎದೆಗೆ ಹಚ್ಚಿಕೊಳ್ಳುತ್ತಾನೆ. ತಂದೆಯದೋ ಅಜ್ಜನದೋ ಪದಕ ಧರಿಸುವ ಮಕ್ಕಳು, ಮೊಮ್ಮಕ್ಕಳು ಬಲ ಎದೆಗೆ. ಕಾವಲುಗಾರರಿಲ್ಲ, ತಪಾಸಣೆಯಿಲ್ಲ. ಒಂದು ದೇಶದ ಜನ ಕತ್ತಲಲ್ಲಿ ಕನ್ನಡಿ ನೋಡದೆ, ಗಳಿಸಿದ್ದು ಯಾವ ಕಡೆ, ಪಡೆದದ್ದು ಯಾವ ಕಡೆ ಎಂದು ತಮ್ಮ ತಮ್ಮ ಎದೆಯ ಮೇಲೆ ತಾವೇ ಗೆರೆ ಎಳೆದುಕೊಳ್ಳುತ್ತಾರೆ.

ಹಾಲ್‌ನ ಹಿಂಬದಿಯ ಮೂರು ಮೇಜುಗಳ ವಿಷಯಕ್ಕೆ ಬರೋಣ. ಅಲ್ಲಿ ಮುಖಗವಸುಗಳಿವೆ, ಜೇಬು ಜೇಬಿನ ಕವಚಗಳಿವೆ, ಸೇನೆಯ ಉಡುಪಿನಂತಿರುವ ಕೋಟುಗಳಿವೆ. ಬಂದೂಕು ಒಂದೂ ಇಲ್ಲ. ಇವರು ಏರ್‌ಸಾಫ್ಟ್ ಆಟಗಾರರು. ನಿಜವಾದ ಬಂದೂಕಿನ ಪಡಿಯಚ್ಚಿನಂತಿರುವ, ಆದರೆ ಪ್ಲಾಸ್ಟಿಕ್ ಕಾಳು ಹಾರಿಸುವ ಬಂದೂಕುಗಳಿಂದ ಯುದ್ಧದಾಟ ಆಡುವವರು. ಇಲ್ಲಿ ಅದನ್ನು ಆಟಿಕೆಯೆಂದು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ, ಕಾನೂನಿನ ಕಣ್ಣಿಗೆ ಅದೂ ಆಯುಧವೇ. ಹಾಗಾಗಿ ಇವರು ಆಡಲು ಜಪಾನಿಗೋ ಫಿಲಿಪೀನ್ಸಿಗೋ ಹೋಗುತ್ತಾರೆ. ಇಲ್ಲಿ ಬರೀ ವೇಷ.

ಗುಂಪಿನ ಮುಂದಾಳು ಚಿತ್ರದುರ್ಗದ ಜೀವನ್. ಓದಲು ಬಂದು, ಪಿಆರ್ ಪಡೆದು, ಬಾಕ್ಸ್ ಹಿಲ್‌ನ ಆಫೀಸೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾನೆ. "ನನ್ ಗಂಡ ವರ್ಷಕ್ಕೊಂದ್ಸಲ ಲೀವ್ ಹಾಕಿ ಯುದ್ಧಕ್ಕೆ ಹೋಗ್ತಾನೆ, ಮಂಡಿ ತರಚ್ಕೊಂಡು ವಾಪಸ್ ಬರ್ತಾನೆ" ಎಂದು ಹೆಂಡತಿ ಗಾನವಿ ಎಲ್ಲರೆದುರು ಆಡಿಕೊಳ್ಳುತ್ತಾಳೆ.

ಕಳೆದ ವರ್ಷ ಸಮಿತಿ ಇವರಿಗೆ ಪರೀಕ್ಷಾರ್ಥವಾಗಿ ಜಾಗ ಕೊಟ್ಟಾಗ ಜೀವನ್ ಒಂದು ಕೋಟು ಹಿಡಿದು ಅಕ್ಕುವಿನ ಬಳಿ ಬಂದಿದ್ದ. ಜೊತೆಗೆ ಸಾಲು ರಿಬ್ಬನ್ನುಗಳು. ಎಡ ಎದೆಯ ಮೇಲೆ ಬೆರಳಿಟ್ಟು ತೋರಿಸಿದ. "ಆಂಟಿ, ಇದನ್ನ ಇಲ್ಲಿ ಹಾಕ್ಕೊಡಿ. ಲುಕ್ ಕಂಪ್ಲೀಟ್ ಆಗುತ್ತೆ."

ಯಾರದ್ದು ಇದು ಎಂದು ಅಕ್ಕು ಕೇಳಿದರು. ಯಾರದ್ದೂ ಅಲ್ಲ, ಆನ್‌ಲೈನ್‌ನಲ್ಲಿ ತಗೊಂಡಿದ್ದು ಎಂದ.

"ನಿಂದಾದ್ರೆ ಎಡಕ್ಕೆ. ನಿನ್ನ ಅಜ್ಜನದ್ದಾದ್ರೆ ಬಲಕ್ಕೆ. ಯಾರದ್ದೂ ಅಲ್ಲ ಅಂತಾದ್ರೆ ಡಬ್ಬಕ್ಕೆ" ಎಂದರು ಅಕ್ಕು.

ಇದು ಬರೀ ಆಟ ಅಲ್ವಾ ಎಂದು ಜೀವನ್ ವಾದಿಸಿದ. ಆಟ ಆಡು, ಜೇಬು ಬೇಕಾದಷ್ಟು ಹೊಲಿದುಕೊಡುತ್ತೇನೆ, ಇದನ್ನು ಮಾತ್ರ ಇಲ್ಲ ಎಂದು ಅಕ್ಕು ಸೂಜಿ ಕೆಳಗಿಟ್ಟರು. ಅವನು ಮುಖ ದಪ್ಪ ಮಾಡಿಕೊಂಡು ಹೋದ. ಕೆಲವು ವಾರಗಳ ನಂತರ ಗುಂಪಿನ ಎಲ್ಲರ ಕೋಟುಗಳನ್ನೂ ಹೊತ್ತು ಪಾಯಿಂಟ್ ಕುಕ್‌ನ ಮನೆಗೆ ಬಂದ. ಅಕ್ಕು ಅವುಗಳ ಹರಿದ ಮೊಣಕೈ ಸರಿಮಾಡಿದರು, ಜೇಬು ಕೂರಿಸಿದರು. ಎಡ ಎದೆಯ ಮೇಲಿದ್ದ ರಿಬ್ಬನ್ನುಗಳನ್ನೆಲ್ಲ ಬಟ್ಟೆಗೆ ತೂತು ಬೀಳದಂತೆ ಬಿಚ್ಚಿ, ಲಕೋಟೆಯಲ್ಲಿಟ್ಟು ಹಿಂದಿರುಗಿಸಿದರು.

ಆ ಕೋಟುಗಳನ್ನು ಹೊಲಿದವರು ಯಾರೆಂದು ನೆವಿಲ್‌ಗೆ ಗೊತ್ತಾದದ್ದು ಈ ಶನಿವಾರ, ಪ್ರದರ್ಶನದ ಮೊದಲ ದಿನ.

ಏರ್‌ಸಾಫ್ಟ್ ಮೇಜುಗಳು ಮುಂದಿನ ವರ್ಷ ಇರಬೇಕೇ ಬೇಡವೇ ಎಂದು ಭಾನುವಾರ ಮಧ್ಯಾಹ್ನ ಮೇಜಿನವರೆಲ್ಲ ಕೈ ಎತ್ತಿ ತೀರ್ಮಾನಿಸಬೇಕಿದೆ. ಬೇಡವೆನ್ನುವವರಲ್ಲಿ ನೆವಿಲ್ ಮೊದಲಿಗರು. ಲೈಸೆನ್ಸ್ ಇಟ್ಟುಕೊಂಡು ಕಟ್ಟುನಿಟ್ಟಾಗಿ ನಡೆಯುವ ನಮ್ಮನ್ನೂ ಈ ವೇಷದವರನ್ನೂ ಹೊರಗಿನವರು ಒಂದೇ ಎಂದುಕೊಳ್ಳುತ್ತಾರೆ ಎಂಬುದು ಶೂಟರ್‌ಗಳ ತಕರಾರು. ನೆವಿಲ್‌ರ ತಕರಾರು ಬೇರೆ. ಅವರ ತಂದೆ ಸಾಯುವವರೆಗೂ ಆ ಕಾಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದನ್ನು ವಾರಾಂತ್ಯದ ಮೋಜು ಮಾಡಿಕೊಂಡವರ ಜೊತೆ ಒಂದೇ ಸೂರಿನಡಿ ಕೂರಲಾರೆ ಎನ್ನುತ್ತಾರೆ.

ಅವರು ಅಕ್ಕುವಿನ ಮೇಜಿಗೆ ಬಂದಾಗ ಅಲ್ಲಿದ್ದದ್ದು ಅವರದೇ ತಂದೆಯ ಪದಕಗಳು. ರಿಬ್ಬನ್ ಮತ್ತೆ ಮಾಸಿ, ಈ ಏಪ್ರಿಲ್‌ಗೆ ಹೊಸದಾಗಿ ಕಟ್ಟಲು ಕೊಟ್ಟವು. ಆ ವೇಷದವರ ಕೆಲಸವನ್ನೂ ನಮ್ಮ ಕೆಲಸವನ್ನೂ ಒಂದೇ ಸೂಜಿಯಲ್ಲಿ ಮಾಡಲಾಗದು, ಯಾವುದೆಂದು ಹೇಳು ಎಂದರು, ದನಿ ಏರಿಸದೆ. ಆ ಮಕ್ಕಳ ಕೋಟಿನ ಎಡಗಡೆ ಒಮ್ಮೆ ಹೋಗಿ ನೋಡಿ ಎಂದು ಅಕ್ಕು ತಮ್ಮ ಇಂಗ್ಲಿಷಿನಲ್ಲಿ ಹೇಳಿದರು. ನೆವಿಲ್ ನೋಡಲು ಹೋಗಲಿಲ್ಲ. ಅರ್ಧ ಹೊಲಿದ ಸಾಲನ್ನು ಹಾಗೇ ಎತ್ತಿಕೊಂಡರು. ಅದರ ಅಂಚಿನಿಂದ ಸೂಜಿ ದಾರದಲ್ಲಿ ತೂಗುತ್ತಾ ಹೋಯಿತು.

ಅಕ್ಕುವಿಗೆ ಬರುವ ಪದಕದ ಕೆಲಸದಲ್ಲಿ ಹೆಚ್ಚಿನದು ನೆವಿಲ್ ಮತ್ತು ಅವರ ಗೆಳೆಯರ ಬಾಯಿಮಾತಿನಿಂದ ಬರುವುದು. ಅದು ಹೋದರೆ ಮತ್ತೆ ಪ್ಯಾಂಟಿನ ಜಿಪ್ಪು. ಕೊರಗಪ್ಪನವರ ಚಿಂತೆ ಅದೇ. ನಾಳೆ ತಲೆನೋವು ಅಂತ ಮನೆಯಲ್ಲೇ ಇದ್ದುಬಿಡು, ಕೈ ಎತ್ತುವ ಗೋಜೇ ಬೇಡ ಎಂದು ಕಾರಿನಲ್ಲಿ ಹೇಳಿದರಂತೆ. ಆದರೆ ಅಕ್ಕುವಿನ ಕಣ್ಣ ಮುಂದೆ ಇದ್ದದ್ದು ಸಿಡ್ನಿ. ಅಲ್ಲಿಯ ಇಂಥದೇ ಒಂದು ಪ್ರದರ್ಶನಕ್ಕೆ ವರ್ಷಕ್ಕೊಮ್ಮೆ ಹೋಗಿ, ರೌಸ್ ಹಿಲ್‌ನ ಅಳಿಯ ಸುಕೇಶನ ಮನೆಯಲ್ಲಿ ಉಳಿಯುತ್ತಾರೆ. ಆ ಪ್ರದರ್ಶನದಲ್ಲಿ ಏರ್‌ಸಾಫ್ಟ್‌ನವರಿಗೆ ಬಾಗಿಲೇ ಇಲ್ಲ.

"ಅಲ್ಲಿ ಹಾಲ್ ಒಳ್ಳೇದುಂಟು, ಚಂದ ಉಂಟು. ಆದ್ರೆ ಪ್ರತಿ ವರ್ಷ ಹೋದಾಗ ಯಾರೋ ಒಬ್ರು ತೀರಿಹೋಗಿರ್ತಾರೆ, ಮೇಜು ಖಾಲಿ. ಹೊಸಬ್ರು ಯಾರೂ ಬರುದಿಲ್ಲ. ಈ ಪದಕಗಳ ಹೆಸರು ಕೇಳುವವರೇ ಇಲ್ಲದಿದ್ರೆ ನಾನು ಕಟ್ಟಿ ಎಂತ ಪ್ರಯೋಜನ? ಆ ಜೀವನ್ ಕೇಳಿದ. ಬೈಗುಳ ತಿಂದ ಮೇಲೂ ಮನೆಗೆ ಬಂದು ಕೂತು ಒಂದೊಂದೇ ರಿಬ್ಬನ್ ತೋರಿಸಿ ಇದು ಎಂಥದು, ಇದು ಎಂಥದು ಅಂತ ಕೇಳಿದ."

ಭಾನುವಾರ ಬೆಳಗ್ಗೆ ಅಕ್ಕು ಎಂದಿನಂತೆ ಕಡುನೀಲಿ ಬಟ್ಟೆ ಹಾಸುತ್ತಾರೆ. ಅದರ ಮೇಲೆ ಏನೂ ಇಲ್ಲ. ಬೆಳಗಿನಿಂದ ಜನ ಹಾದುಹೋಗುತ್ತಾರೆ, ಕೆಲವರು ಕಣ್ಣು ತಪ್ಪಿಸುತ್ತಾರೆ. ಮಧ್ಯಾಹ್ನ ಎಲ್ಲರೂ ಟೀ ಕೌಂಟರಿನ ಮುಂದೆ ಸೇರಿದಾಗ ನೆವಿಲ್ ಎದ್ದು ನಿಲ್ಲುತ್ತಾರೆ. ಬೆಳಗ್ಗೆ ಬಾಗಿಲು ತೆರೆಯುವ ಮೊದಲು ನಾನು ಆ ಮೂರು ಮೇಜುಗಳಿಗೆ ಹೋಗಿದ್ದೆ, ಒಂದೊಂದು ಕೋಟನ್ನೂ ಎತ್ತಿ ನೋಡಿದೆ, ಎಡ ಎದೆಯ ಮೇಲೆ ಏನೂ ಇರಲಿಲ್ಲ ಎನ್ನುತ್ತಾರೆ. ಅದನ್ನು ಹೇಳುವುದು ನ್ಯಾಯ, ಅದಕ್ಕೇ ಹೇಳಿದೆ. ಆದರೂ ನನ್ನ ಮತ ಬೇಡ ಎಂದೇ, ಎಂದು ಕುಳಿತುಕೊಳ್ಳುತ್ತಾರೆ.

ಬೇಡ ಎನ್ನುವ ಕೈಗಳು ಮೊದಲು ಏಳುತ್ತವೆ. ತುಂಬ ಕೈಗಳು. ಅಕ್ಕುವಿನ ಕೈ ಮಡಿಲಲ್ಲೇ ಇದೆ. ಕೊರಗಪ್ಪ ನೆಲ ನೋಡುತ್ತಿದ್ದಾರೆ. ಇರಲಿ ಎನ್ನುವವರ ಸರದಿ ಬಂದಾಗ ನೆವಿಲ್‌ರ ಎದುರಿಗೇ, ಸಾಲಿನ ಮುಂದೆ, ಆ ಸಣ್ಣ ಕೈ ಮೇಲೇಳುತ್ತದೆ. ಮೊಣಕೈ ಮಡಚದೆ, ಪೂರಾ ನೇರ. ಅವರ ಹಿಂದೆ ಇನ್ನಷ್ಟು ಕೈಗಳು, ಅಳೆದು ಸುರಿದು ಎದ್ದಂತೆ. ಕಾರ್ಯದರ್ಶಿ ಎರಡು ಸಲ ಎಣಿಸಿ, ಅಲ್ಪ ಅಂತರದಲ್ಲಿ, ಇನ್ನೊಂದು ವರ್ಷ ಇರಲಿ ಎಂದು ಘೋಷಿಸುತ್ತಾರೆ. ಉಡುಪಿನ ಮೇಲೆ ಪದಕ, ರಿಬ್ಬನ್ ಕೂಡದು ಎಂಬ ಷರತ್ತಿನೊಂದಿಗೆ. ಚಪ್ಪಾಳೆ ಇಲ್ಲ. ಜೀವನ್ ಕೂಡ ತಟ್ಟುವುದಿಲ್ಲ.

ಎಲ್ಲರೂ ಕತ್ತಿ, ಹೆಲ್ಮೆಟ್‌ಗಳನ್ನು ಪೆಟ್ಟಿಗೆಗೆ ತುಂಬುತ್ತಿರುವಾಗ ನೆವಿಲ್ ಬರುತ್ತಾರೆ. ನನ್ನ ಅಭಿಪ್ರಾಯ ಬದಲಾಗಿಲ್ಲ ಎನ್ನುತ್ತಾರೆ. ನನ್ನದೂ ಇಲ್ಲ ಎನ್ನುತ್ತಾರೆ ಅಕ್ಕು. ಮುದುಕರು ಕೋಟಿನ ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ ಸಾಲನ್ನು ತೆಗೆದು ನೀಲಿಯ ಮೇಲೆ ಇಟ್ಟು, ಏಪ್ರಿಲ್‌ಗೆ ಬೇಕು ಎಂದಷ್ಟೇ ಹೇಳಿ ಹೋಗುತ್ತಾರೆ. ಸೂಜಿ ಅದೇ ದಾರದಲ್ಲಿ ಹಾಗೇ ಇದೆ. ಅಕ್ಕು ಕನ್ನಡಕ ಇಳಿಸಿ, ನಿಂತ ಹೊಲಿಗೆ ಎಲ್ಲಿದೆಯೆಂದು ಬೆರಳಿನಿಂದ ಹುಡುಕುತ್ತಾರೆ.

ಅವರೆದುರೇ ಕೈ ಎತ್ತುವಾಗ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದರೆ, ದಾರವನ್ನು ಹಲ್ಲಿನಿಂದ ಕಡಿದು ಹೇಳುತ್ತಾರೆ:

"ಹೆದರಿಕೆ ಇತ್ತು. ಅವರು ನಂಗೆ ಗುರುಗಳಲ್ವಾ. ಆದ್ರೆ ಆ ಮಕ್ಕಳ ಕೋಟು ನಾನೇ ಹೊಲಿದದ್ದು. ಈ ಕೈಯಲ್ಲಿ ಹೊಲಿದು ಕೊಟ್ಟು, ಆಮೇಲೆ ಇದೇ ಕೈ ಎತ್ತಿ ಅವರು ಬೇಡ ಅಂತ ಹೇಳ್ಲಿಕ್ಕೆ ಆಗ್ತದಾ?"