ಅಮೀನರಿಗೆ ಶಹ ಹೇಳಿದ ಜಿಲಾನಸಾಬ

ಗಂಗಾವತಿಯಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಜಿಲಾನಸಾಬನಿಗೆ ಚದುರಂಗದಲ್ಲಿ ಒಂದೇ ಬಗೆಯ ಆಟ ಗೊತ್ತಿತ್ತು. ಶುರುವಿನಲ್ಲೇ ರಾಜನ ಪಕ್ಕದ ಪ್ಯಾದೆಯನ್ನು ಎದುರಾಳಿಯ ಬಾಯಿಗೆ ಕೊಟ್ಟು, ತೆರವಾದ ದಾರಿಯಲ್ಲಿ ಕುದುರೆ, ಆನೆ ನುಗ್ಗಿಸುವುದು. ತುಸು ತಪ್ಪಿದರೆ ತನ್ನ ರಾಜನೇ ಬಯಲಿಗೆ ಬೀಳುತ್ತಿದ್ದ.

ನಲವತ್ತೊಂದನೇ ಇಸವಿಯಲ್ಲಿ ಕೊಪ್ಪಳದಲ್ಲೊಂದು ಪಂದ್ಯ ನಡೆಯಿತು. ಕೊನೆಯ ಆಟಕ್ಕೆ ಎದುರು ಬಂದವರು ಗಂಗಾವತಿ ಭಾಗದ ಠಾಣೆಯ ಅಧಿಕಾರಿ, ನಿಜಾಮರ ಪೊಲೀಸ್ ಅಮೀನರು. ಇಸ್ಪೀಟಿನಲ್ಲಿ ತಮ್ಮನ್ನು ಸೋಲಿಸಿದವನನ್ನು ಅವರು ಮೂರು ದಿನ ಕೂಡಿಹಾಕಿದ್ದರೆಂದು ಜನ ಪಿಸುಗುಡುತ್ತಿದ್ದರು.

"ಸೋತು ಬರ್ರಿ. ಗೆದ್ದು ಏನ ಮಾಡೋದೈತಿ?" ಎಂದು ಹೆಂಡತಿ ದಾವಲಬೀ, ಅಮೀನರೂ ಆಡುತ್ತಾರೆಂದು ಕೇಳಿ, ಹೊರಡುವ ಮೊದಲೇ ಕೈ ಹಿಡಿದು ಹೇಳಿದ್ದಳು.

ಸೋಲಬೇಕೆಂದೇ ಕುಳಿತ. ಆದರೆ ಕೈಗೆ ಬೇರೆ ಆಟ ಗೊತ್ತಿರಲಿಲ್ಲ. ಪ್ಯಾದೆ ಮುಂದೆ ಹೋಯಿತು. ಅಮೀನರು ನಕ್ಕು ಅದನ್ನು ಎತ್ತಿಕೊಂಡರು. ಹತ್ತು ನಡೆ ಆಗುವಷ್ಟರಲ್ಲಿ ಅವರ ನಗು ನಿಂತಿತು. ಜಿಲಾನಸಾಬನ ಬೆನ್ನಿಗೆ ಅಂಗಿ ಅಂಟಿಕೊಂಡಿತು. ಕುದುರೆ ಹಿಂದಕ್ಕೆ ತಂದರೆ ಬದುಕಿದಂತೆ ಎನ್ನಿಸಿತು. ಬೆರಳು ಕುದುರೆಯ ಮೇಲಿತ್ತು. ಅದನ್ನು ಮುಂದಕ್ಕಿಟ್ಟು ಬಿಟ್ಟ.

"ಶಹ, ಹುಜೂರ್," ಎಂದ ದನಿ ಅವನಿಗೇ ಕೇಳಿಸಲಿಲ್ಲ. ಅಮೀನರ ರಾಜನಿಗೆ ಸರಿಯಲು ಮನೆ ಉಳಿದಿರಲಿಲ್ಲ.

ಅಮೀನರು ಹಲಗೆಯನ್ನೇ ನೋಡುತ್ತ ಕುಳಿತರು. ಜಿಲಾನಸಾಬ ಬೆದರಿ, ಬಹುಮಾನದ ಶಾಲನ್ನೂ ಮುಟ್ಟದೆ ಹೊರಬಿದ್ದ. ಹಿಟ್ನಾಳದ ಹಾದಿ ಹಿಡಿದು ಬಿರಬಿರನೆ ನಡೆದ. ಹಿಂದೆ ಗಾಡಿಯ ಸದ್ದಾದಾಗಲೆಲ್ಲ ಜಾಲಿಯ ಮರೆಗೆ ಸರಿದ. ಸಂಜೆ ತುಂಗಭದ್ರಾ ಹೊಳೆ ತುಂಬಿ ಹರಿಯುತ್ತಿತ್ತು. ಅಂಬಿಗ ಹುಸೇನಪ್ಪ, "ಇಂಥಾ ನೀರಾಗ ಎಲ್ಲಿಗೋ ಮಾರಾಯ?" ಎಂದ.

"ಆಚಿಗೆ ಬಿಡಪಾ. ನಿಜಾಮರ ಸೀಮಿ ದಾಟಿದರ ಸಾಕು."

ಆಚೆ ದಡದ ಬ್ರಿಟಿಷರ ಸೀಮೆಯ ಹೊಸಪೇಟೆಯಲ್ಲಿ ಹನ್ನೆರಡು ದಿನ ಒಬ್ಬ ಪರಿಚಯದವನ ಕಲಾಯಿ ಅಂಗಡಿಯಲ್ಲಿ ದುಡಿದ. ಕಾಕಿ ಬಟ್ಟೆ ಕಂಡರೆ ಕುಲುಮೆಯ ಹಿಂದೆ ಕೂತುಬಿಡುತ್ತಿದ್ದ. ಹದಿಮೂರನೇ ದಿನ ಹುಸೇನಪ್ಪನನ್ನು ಕೇಳಿಕೊಂಡು ದಾವಲಬೀ ಬಂದಳು.

"ನಿಮ್ಮನ್ನ ಹುಡುಕ್ಕೊಂಡು ಯಾರೂ ಬಂದಿಲ್ಲ. ಹವಾಲ್ದಾರ ಒಂದು ತಾಮ್ರದ ಹಂಡೇವು ತಂದಿದ್ದ, ನಾನೇ ಕಲಾಯಿ ಹಾಕಿ ಕೊಟ್ಟೀನಿ," ಎಂದಳು.

"ಯಾರ ಮನಿದು?"

"ಅಮೀನರ ಮನಿದು."

ಅವನು ಮತ್ತೆ ಕುಲುಮೆಯ ಹಿಂದೆ ಹೋಗಿ ಕೂತ. ಊರಿಗೆ ಮರಳಿದನೇನೋ ಹೌದು. ಆದರೆ ಅಮೀನರು ವರ್ಗವಾಗಿ ಹೋಗುವವರೆಗಿನ ಎರಡು ವರ್ಷ, ಕುದುರೆಯ ಗೊರಸಿನ ಸದ್ದಾದರೆ ಅವರೇ ಬಂದರೆಂದು ಒಳಮನೆಗೆ ಓಡುತ್ತಿದ್ದ. ಅವರು ಮಾತ್ರ ಒಮ್ಮೆಯೂ ಅವನ ಅಂಗಡಿಯ ಮುಂದೆ ಕುದುರೆ ನಿಲ್ಲಿಸಲಿಲ್ಲ.