ಗಮನಕ್ಕನ ಪ್ರಾರ್ಥನೆ

ಟಿಣ್, ಟೋಣ್, ಟಿಣ್.

ಈ ಮೂರು ಸ್ವರ ಕೇಳಿಸಿದರೆ ಸಾಕು, ಬಸ್ ನಿಲ್ದಾಣದಲ್ಲಿ ಒಂದು ಗಳಿಗೆ ಎಲ್ಲರ ತಲೆಯೂ ಮೇಲೇಳುತ್ತದೆ. ಚೀಲದ ಮೇಲೆ ತೂಕಡಿಸುತ್ತಿದ್ದವರು ಕಣ್ಣು ಬಿಡುತ್ತಾರೆ. ಚಹಾ ಹೀರುತ್ತಿದ್ದವರು ಲೋಟವನ್ನು ತುಟಿಯಲ್ಲೇ ಇಟ್ಟುಕೊಂಡು ಕಿವಿ ನಿಮಿರಿಸುತ್ತಾರೆ. ಆಮೇಲೆ ಆ ದನಿ ಬರುತ್ತದೆ. ಅವಸರವಿಲ್ಲದ, ಆಗತಾನೆ ಒಗೆದು ಮಡಿಚಿಟ್ಟ ಬಟ್ಟೆಯಂಥ ದನಿ: "ಪ್ರಯಾಣಿಕರ ಗಮನಕ್ಕೆ..."

ಹಿಂದೊಮ್ಮೆ ಕೆಳಗೆ ಬೆಂಚಿನ ಮೇಲೆ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಅಮ್ಮನ ತೋಳು ಜಗ್ಗಿ, "ಅಮ್ಮಾ, ಗಮನಕ್ಕ ಅಂದ್ರೆ ಯಾರು? ಆಗ್ಲಿಂದ ಅವಳನ್ನೇ ಕರೀತಿದ್ದಾರೆ. ಇನ್ನೂ ಬಂದಿಲ್ವಾ ಅವಳು?" ಎಂದು ಕೇಳಿಬಿಟ್ಟಳು. ಪಕ್ಕದಲ್ಲಿ ಲೋಟ ತೊಳೆಯುತ್ತಿದ್ದ ಚಹಾದಂಗಡಿಯವನಿಗೆ ಅಷ್ಟೇ ಸಾಕಾಯಿತು. ಅಂದಿನಿಂದ, ಮೇಲಿನ ಗಾಜಿನ ಗೂಡಿನಲ್ಲಿ ಕೂತು ಬಸ್ಸುಗಳು ಬರುವ ಹೋಗುವ ಸುದ್ದಿ ಹೇಳುವ ಹೆಂಗಸಿಗೆ ಗಮನಕ್ಕ ಎಂಬ ಹೆಸರೇ ಗಟ್ಟಿಯಾಯಿತು. ಡ್ರೈವರುಗಳು ಹಾಗೇ ಕರೆದರು. ನಿಲ್ದಾಣದ ದೊಡ್ಡ ಅಧಿಕಾರಿಯೂ ಹಾಗೇ ಕರೆದರು. ಕೊನೆಗೆ ಚರ್ಚಿನ ಸಭಾಪಾಲಕರ ಬಾಯಲ್ಲೂ ಅದೇ ಬಂತು. ಅವಳ ಗಂಡನೊಬ್ಬ ಮಾತ್ರ, "ಊರಿಗೆಲ್ಲ ದಯವಿಟ್ಟು ಗಮನಿಸಿ. ನನಗೆ ಮಾತ್ರ, ಏಳ್ರೀ ಮೇಲೆ!" ಎಂದು ಗೊಣಗುತ್ತಿದ್ದ.

ಗೂಡೆಂದರೆ ಗೂಡೇ. ಒಂದು ಮೇಜು, ಒಂದು ಮೈಕು, ಪೆನ್ಸಿಲಿನಿಂದ ತಿವಿದರೆ ಮಾತ್ರ ತಿರುಗಲು ಒಪ್ಪುವ ಫ್ಯಾನು, ಗಂಟಲಿಗೆಂದು ಬಿಸಿನೀರಿನ ಫ್ಲಾಸ್ಕು. ಕಿಟಕಿಯ ಗಾಜಿನಿಂದ ಇಡೀ ನಿಲ್ದಾಣ ಕಾಣುತ್ತಿತ್ತು. ಹೊರಗೋಡೆಗೆ ಅಂಟಿಕೊಂಡ ಗಂಡನ ಪಂಕ್ಚರ್ ಅಂಗಡಿಯೂ ಕಾಣುತ್ತಿತ್ತು. ಅವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆಂದು ಮಗುವಿನ ಹಾಗೆ ಬಗ್ಗಿ ನೋಡುವುದನ್ನು ನೋಡುತ್ತ ಅವಳು ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದಳು.

ಭಾನುವಾರ ಬೆಳಿಗ್ಗೆ ಅವಳದು ಬೇರೆ ಮೈಕು. ಚರ್ಚಿನಲ್ಲಿ ದೇಶಕ್ಕಾಗಿ, ಆಳುವವರಿಗಾಗಿ ಪ್ರಾರ್ಥನೆ ಮಾಡುವ ಕೆಲಸ ಅವಳ ಪಾಲಿಗೆ ಬಂದಿತ್ತು. ಮೊದಲು ಅದನ್ನು ಮಾಡುತ್ತಿದ್ದವರು ನಿವೃತ್ತ ಮೇಷ್ಟ್ರೊಬ್ಬರು. ಅವರು ಪ್ರಾರ್ಥನೆಗೆ ನಿಂತರೆ ಒಂದೊಂದು ಇಲಾಖೆಯ ಬಾಗಿಲನ್ನೂ ತಟ್ಟಿಕೊಂಡು ಹೋಗುತ್ತಿದ್ದರು; ಮೀನುಗಾರಿಕೆ ಇಲಾಖೆಗೆ ಬರುವಷ್ಟರಲ್ಲಿ ಮಕ್ಕಳೆಲ್ಲ ನಿದ್ದೆ. ಅವರ ಮಂಡಿ ಸೋತ ಮೇಲೆ ಗಮನಕ್ಕ ನಿಂತಳು. ಅವಳದು ಬಸ್ಸಿನ ಲೆಕ್ಕ: ಎಲ್ಲಿಂದ, ಎಲ್ಲಿಗೆ, ಏನು ಬೇಕು. ಕುರ್ಚಿಯಲ್ಲಿ ಕೂತವರಿಗೆ ವಿವೇಕ, ಚೌಕದಲ್ಲಿ ನಿಂತ ಪೊಲೀಸಿನವನಿಗೆ ತಾಳ್ಮೆ, ಬೀದಿ ಗುಡಿಸುವವಳಿಗೆ ನ್ಯಾಯವಾದ ಕೂಲಿ. ಆಮೆನ್. ಹೊರಡಬೇಕಾದ್ದು ಹೊರಡಬೇಕು.

ಆದರೆ ಈ ಸಲದ ಚುನಾವಣೆ ಅವಳ ಮನೆಯೊಳಗೇ ಬಂದು ಕೂತಿತು.

ಕಣದಲ್ಲಿ ಎರಡು ಪಕ್ಷ. ಒಂದರ ಗುರುತು ದೀಪ, ಇನ್ನೊಂದರದು ದೋಣಿ. ಗಂಡ ದೀಪದ ಕಡೆ. ಅವಳ ತಮ್ಮ, ಬೋರ್ಡು ಬರೆಯುವ ಪೇಂಟರು, ದೋಣಿಯ ಕಡೆ. ಅಷ್ಟಕ್ಕೇ ಯಾರೂ ಮುನಿಸಿಕೊಳ್ಳುತ್ತಿರಲಿಲ್ಲ. ಭಾವ ಭಾವಮೈದುನರು ಕಾಲೆಳೆದುಕೊಳ್ಳದೆ ಊಟ ಮಾಡಿದ್ದೇ ಇಲ್ಲ. ಆದರೆ ಒಂದು ಮುಂಜಾನೆ ಈ ತಮ್ಮ, ಭಾವನ ಪಂಕ್ಚರ್ ಅಂಗಡಿಯ ಪಕ್ಕದ ಗೋಡೆ ಖಾಲಿ ಇದೆಯೆಂದು ಅದರ ತುಂಬ ಒಂದು ಹಾಯಿದೋಣಿ ಬರೆದುಬಿಟ್ಟ. ಎಂಥ ದೋಣಿ! ಅಲೆಯ ನೊರೆ ಕೂಡ ಒದ್ದೆಯಾಗಿ ಕಾಣುತ್ತಿತ್ತು. ಅಂಗಡಿ ತೆರೆಯಲು ಬಂದ ಭಾವ ಅದನ್ನು ನೋಡಿದ. ಸುಣ್ಣ ತಂದ, ಬಳಿದ, ಅದರ ಮೇಲೆ ತಾನೇ ಕೈಯಾರೆ ಒಂದು ದೀಪ ಬರೆದ.

ಸಂಜೆ ತಮ್ಮ ಬಂದು, ಗಿರಾಕಿಗಳೆಲ್ಲ ನಿಂತಿರುವಾಗ, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿ ಕೇಳಿದ: "ಭಾವ, ಬದನೆಕಾಯಿ ಯಾವ ಪಕ್ಷದ ಗುರುತು?"

ನಿಲ್ದಾಣವೇ ನಕ್ಕಿತು. ಭಾವನ ಕಿವಿ ಕೆಂಪಾಯಿತು. "ಇನ್ನು ನನ್ನ ಮನೆ ಹೊಸಿಲು ತುಳಿದ್ರೆ ನೋಡು!" ಎಂದ. "ತುಳಿಯಲ್ಲ, ಬಿಡಿ," ಎಂದ ತಮ್ಮ. ಅಷ್ಟೇ. ಮುಂದಿನ ಭಾನುವಾರ ಮಧ್ಯಾಹ್ನ ಊಟದ ಮೇಜಿನಲ್ಲಿ ಒಂದು ಕುರ್ಚಿ ಖಾಲಿ. ಅದರ ಮುಂದಿನದೂ ಹಾಗೇ.

ಗಮನಕ್ಕನನ್ನು ಖಾಲಿ ಕುರ್ಚಿಗಿಂತ ಹೆಚ್ಚಾಗಿ ಕಾಡಿದ್ದು ಹಳೆಯದೊಂದು ಸಂಗತಿ. ಕಳೆದ ಚುನಾವಣೆಯ ಫಲಿತಾಂಶದ ದಿನ ನಿಲ್ದಾಣದ ಮುಂದೆ ಗೆದ್ದವರ ಮೆರವಣಿಗೆಗೂ ಸೋತವರ ಗುಂಪಿಗೂ ಹತ್ತಿಕೊಂಡು, ಕಲ್ಲುಗಳು ಹಾರಿ, ಅವಳ ಗೂಡಿನ ಗಾಜು ಒಡೆದಿತ್ತು. ಅಕ್ಕನನ್ನು ಕೆಳಗಿಳಿಸಲು ಓಡಿಬಂದ ತಮ್ಮನ ಹುಬ್ಬು ಸೀಳಿತ್ತು. ಆಗ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ಓಡಿದವನು ಇದೇ ಭಾವ. ಹುಬ್ಬು ಕೂಡಿಕೊಂಡಿತು, ಆದರೆ ನಕ್ಕಾಗ ಈಗಲೂ ಒಂದೇ ಹುಬ್ಬು ಮೇಲೇಳುತ್ತದೆ. ಆವತ್ತು ಇಬ್ಬರೂ ಒಂದೇ ಕಡೆಗಿದ್ದರು. ಈ ಸಲ ಕಲ್ಲು ಹಾರಿದರೆ ಒಬ್ಬ ಈ ಕಡೆ, ಒಬ್ಬ ಆ ಕಡೆ. ಹೊರುವವರು ಯಾರು? ಇದನ್ನು ನೆನೆದಾಗೆಲ್ಲ ಅವಳು ಫ್ಲಾಸ್ಕಿನ ನೀರು ಕುಡಿದು, ಮೈಕಿನ ಗುಂಡಿ ಒತ್ತುತ್ತಿದ್ದಳು.

ಮತದಾನಕ್ಕೆ ಮುಂಚಿನ ಭಾನುವಾರ ಹತ್ತಿರ ಬಂದಾಗ ಸಭಾಪಾಲಕರು ತಾವೇ ಮೆಟ್ಟಿಲು ಹತ್ತಿ ಗೂಡಿಗೆ ಬಂದರು. ಏದುಸಿರು ಬಿಡುತ್ತ ಬಾಗಿಲಲ್ಲೇ ನಿಂತರು. ಒಳಗೆ ಎರಡನೆಯ ಕುರ್ಚಿಗೆ ಜಾಗವಿರಲಿಲ್ಲ.

"ಗಮನಕ್ಕಾ, ಈ ವಾರದ ಪ್ರಾರ್ಥನೆ ಸ್ವಲ್ಪ ನೋಡಿಕೊಂಡು ಮಾಡಮ್ಮ."

"ಯಾಕಯ್ಯನವರೇ? ಏನಾಯ್ತು?"

"ಹೋದ ವಾರ ನಾನು 'ಕತ್ತಲೆಗೆ ಬೆಳಕಾಗು' ಅಂತ ಪ್ರಾರ್ಥನೆ ಮಾಡಿದ್ದಕ್ಕೆ ದೋಣಿಯವರು ಬಂದು ಜಗಳ ಆಡಿದ್ರು, ಪ್ರಚಾರ ಮಾಡ್ತೀರಾ ಅಂತ. ಸರಿ, ಈ ವಾರ ಯೇಸು ಸ್ವಾಮಿ ಬಿರುಗಾಳಿ ಅಡಗಿಸಿದ ಕತೆ ಹೇಳೋಣ ಅಂದ್ರೆ, ದೀಪದವರು ಬಂದ್ರು. ಅದರಲ್ಲಿ ದೋಣಿ ಬರುತ್ತಂತೆ!"

"ದೋಣಿ ಬಿಟ್ಟು ಹೇಳಿಬಿಡಿ."

"ಬಿರುಗಾಳಿ ಎದ್ದಾಗ ಸ್ವಾಮಿ ಮಲಗಿದ್ದೇ ದೋಣೀಲಿ. ಇನ್ನೆಲ್ಲಿ ಮಲಗಿಸ್ಲಿ ಅವರನ್ನ, ನೀರಿನ ಮೇಲಾ?" ಸಭಾಪಾಲಕರು ತಲೆ ಕೆರೆದುಕೊಂಡರು. "ಬಿರುಗಾಳೀನ ಮತ ಎಣಿಕೆ ಆದ್ಮೇಲೆ ಅಡಗಿಸೋಣ ಅಂತ ಮುಂದೆ ಹಾಕಿದ್ದೀನಿ. ನೀನೂ ದೀಪ, ಬೆಳಕು, ದೋಣಿ, ಕಡಲು, ಇವು ಯಾವುವೂ ಬರದ ಹಾಗೆ ನೋಡಿಕೋ. ನಿನ್ನ ಮನೇಲೇ ಎರಡೂ ಇವೆ. ಎರಡೂ ಕಡೆಯವರು ನಿನ್ನ ಬಾಯನ್ನೇ ನೋಡ್ತಿರ್ತಾರೆ."

ಅವಳು ಒಪ್ಪಿಕೊಂಡಳು. ಒಪ್ಪಿಕೊಂಡ ಮೇಲೆ ಗೊತ್ತಾಯಿತು, ಈ ನಾಲ್ಕು ಮಾತು ತೆಗೆದರೆ ದೇವರ ಹತ್ತಿರ ಮಾತಾಡಲು ಉಳಿಯುವುದು ಬಹಳ ಕಡಿಮೆ ಎಂದು. ವಾರವೆಲ್ಲ ಎರಡು ಬಸ್ಸುಗಳ ನಡುವೆ ಅವಳು ಪ್ರಾರ್ಥನೆ ಹೊಂದಿಸಿದಳು. ದಾರಿ ತೋರು ಎನ್ನೋಣವೆಂದರೆ ಕತ್ತಲಲ್ಲಿ ದಾರಿ ತೋರುವುದು ದೀಪ. ದಡ ಸೇರಿಸು ಎನ್ನೋಣವೆಂದರೆ ಸೇರಿಸುವುದು ದೋಣಿ. ಕೊನೆಗೆ ತಯಾರಾದದ್ದು, ಅಕ್ಕಿ ತೊಳೆದ ನೀರಿನಂತೆ, ಕುಡಿದರೆ ಯಾರಿಗೂ ಏನೂ ಆಗದ ಒಂದು ಪ್ರಾರ್ಥನೆ.

ಭಾನುವಾರ ಚರ್ಚು ತುಂಬಿತ್ತು. ಯಾರೂ ಹೇಳದಿದ್ದರೂ ದೀಪದವರೆಲ್ಲ ಬಲಗಡೆ, ದೋಣಿಯವರೆಲ್ಲ ಎಡಗಡೆ ಕೂತಿದ್ದರು. ನಡುವಿನ ದಾರಿ ಹೋದ ವಾರಕ್ಕಿಂತ ಅಗಲವಾದಂತೆ ಕಂಡಿತು. ಗಂಡ ಬಲಗಡೆ ಕಂಬದ ಪಕ್ಕ, ಅಂಗಿಯ ಮೇಲುಗುಂಡಿಯನ್ನೂ ಹಾಕಿಕೊಂಡು. ತಮ್ಮ ಎಡಗಡೆ ಕಿಟಕಿಯ ಪಕ್ಕ, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ಇಬ್ಬರೂ ನೇರ ಮುಂದಕ್ಕೆ ನೋಡುತ್ತಿದ್ದರು, ಕುತ್ತಿಗೆ ಉಳುಕಿದವರಂತೆ.

ಗಮನಕ್ಕ ಎದ್ದು ಹೋದಳು. ಸಭಾಪಾಲಕರು ಮೈಕನ್ನು ಅವಳ ಎತ್ತರಕ್ಕೆ ತಗ್ಗಿಸುವಾಗ ಅದರ ಕಬ್ಬಿಣದ ಕೋಲು ಒಂದು ಸಲ 'ಟಿಣ್' ಎಂದಿತು. ಅವಳು ಕಣ್ಣು ಮುಚ್ಚಿದಳು. 'ಪ್ರಿಯ ತಂದೆಯೇ' ಎನ್ನಬೇಕಿತ್ತು. 'ಪ್ರ' ಎಂಬುದು ಸರಿಯಾಗಿಯೇ ಹೊರಟಿತು. ಆಮೇಲೆ ನಾಲಿಗೆ, ದಿನವೂ ನಡೆದ ದಾರಿಯನ್ನೇ ಹಿಡಿಯಿತು.

"ಪ್ರಯಾಣಿಕರ ಗಮನಕ್ಕೆ..."

ಯಾರೋ ಮುದುಕಿ ಗಾಬರಿಯಿಂದ ಕೈಚೀಲ ಎತ್ತಿಕೊಂಡಳು. ಆಮೇಲೆ ಮೊದಲ ಸಾಲಿನ ಮಗುವೊಂದು ಕಿಲಕಿಲ ಎಂದಿತು, ಅಲ್ಲಿಗೆ ಕಟ್ಟೆ ಒಡೆಯಿತು. ಕಣ್ಣು ಬಿಡದೆಯೇ ಗಮನಕ್ಕ ಕೇಳಿಸಿಕೊಂಡಳು. ಬಲಗಡೆಯ ಕಂಬದಿಂದ ಗಾಳಿ ಬಿಟ್ಟ ಟಯರಿನಂತೆ 'ಫುಸ್ಸ್' ಎಂಬ ನಗು, ಎಡಗಡೆಯ ಕಿಟಕಿಯಿಂದ ಮೂಗಿನಲ್ಲಿ ಸಿಕ್ಕಿಕೊಂಡ ನಗು. ಎರಡೂ ಒಂದೇ ಸಲ. ಎರಡನ್ನೂ ಅವಳು ಜಗತ್ತಿನ ಎಲ್ಲ ನಗೆಗಳ ನಡುವೆಯೂ ಗುರುತು ಹಿಡಿಯಬಲ್ಲಳು. ಭಾನುವಾರದ ಊಟದ ಮೇಜಿನ ಸದ್ದು ಅದು.

ಹೊಂದಿಸಿಕೊಂಡು ಬಂದಿದ್ದ ಪ್ರಾರ್ಥನೆ ತಲೆಯಿಂದ ಪೂರ್ತಿ ಹಾರಿಹೋಗಿತ್ತು. ಅವಳು ಹುಡುಕಲೂ ಹೋಗಲಿಲ್ಲ. ನಗು ಅಡಗಿದ ಮೇಲೆ ಹೇಳಿದಳು:

"ಹೌದು ಸ್ವಾಮಿ, ಪ್ರಯಾಣಿಕರೇ ನಾವು. ಒಂದೇ ಬಸ್ಸಿನವರು. ಡ್ರೈವರ್ ಯಾರಾಗಬೇಕು ಅಂತ ಜಗಳ ಆಡ್ತಿದ್ದೀವಿ. ಯಾರೇ ಕೂರಲಿ, ಅವನಿಗೆ ನಿದ್ದೆ ಬರಿಸಬೇಡ. ಹಿಂದೆ ನಿಂತವರು ಕಾಣೋ ಹಾಗೆ ಅವನ ಕನ್ನಡಿ ಒರೆಸು. ದೀಪ ನಿನ್ನದು, ದೋಣಿ ನಿನ್ನದು; ನಮ್ಮ ಗೋಡೆಗೆ ಬರೋಕೆ ಮೊದಲು ಎರಡೂ ನಿನ್ನ ಹತ್ತಿರವೇ ಇದ್ದವು. ಮತ ಹಾಕೋ ದಿನ ಸಾಲಿನಲ್ಲಿ ನಿಂತವರನ್ನು ಕಾಯಿ. ಪೆಟ್ಟಿಗೆ ಕಾಯೋರಿಗೆ ಹೊತ್ತಿಗೆ ಸರಿಯಾಗಿ ಅನ್ನ ಸಿಗಲಿ. ಎಣಿಸೋರ ಕೈ ನಡುಗದಿರಲಿ. ಕಲ್ಲುಗಳೆಲ್ಲ ರಸ್ತೆಯಲ್ಲೇ ಮಲಗಿರಲಿ. ಗೆದ್ದವರು ಸೋತವರ ಮನೆ ಮುಂದೆ ಮೆಲ್ಲಗೆ ಹೋಗಲಿ. ಸೋತವರಿಗೆ..." ಅವಳ ದನಿ ಇಲ್ಲಿ ಒಂದು ಮಡಿಕೆ ಬಿಚ್ಚಿಕೊಂಡಿತು. "ಸೋತವರಿಗೆ ಮನೆಗೆ ಬಂದು ಉಣ್ಣುವಷ್ಟು ಹಸಿವು ಕೊಡು. ನಮ್ಮ ಮನೇಲಿ ಒಂದು ಕುರ್ಚಿ ಖಾಲಿ ಇದೆ ಸ್ವಾಮಿ, ನಿನಗೆ ಗೊತ್ತು. ಆಮೆನ್."

ಆಮೆನ್ ಎರಡೂ ಕಡೆಯಿಂದ ಬಂತು, ಸ್ವಲ್ಪ ಹಿಂದು ಮುಂದಾಗಿ.

ಆರಾಧನೆ ಮುಗಿದ ಮೇಲೆ ಅಂಗಳದ ಮರದ ಕೆಳಗೆ ಗಂಡ ಅವಳನ್ನು ತಡೆದ. "ಎಲ್ಲರ ಮುಂದೆ ಕುರ್ಚಿ ವಿಷಯ ಯಾಕೆ ಬೇಕಿತ್ತು?"

"ದೇವರ ಹತ್ರ ಹೇಳ್ದೆ. ನೀವ್ಯಾಕೆ ಕದ್ದು ಕೇಳಿಸಿಕೊಂಡ್ರಿ?"

ಅಷ್ಟರಲ್ಲಿ ತಮ್ಮ ಇನ್ನೊಂದು ಕಡೆಯಿಂದ ಬಂದು, ಭಾವನ ಕಡೆ ನೋಡದೆ ಅಕ್ಕನಿಗೆ ಹೇಳಿದ, "ಅಕ್ಕಾ, ನೀನು ದೀಪ ಮೊದಲು ಹೇಳಿದೆ. ದೋಣಿ ಆಮೇಲೆ ಬಂತು."

"ಮೊದಲು ಹೇಳಿದ್ರೇನು," ಎಂದ ಗಂಡ, ಹೆಂಡತಿಯ ಕಡೆಗೇ ನೋಡುತ್ತ. "ಕೊನೆಗೆ ಕೇಳಿದ್ದೇ ಜನರ ಕಿವೀಲಿ ಉಳಿಯೋದು. ಅವನಿಗೆ ಹೇಳು."

"ದೀಪ ಅಂದಾಗ ಜನರ ಕಣ್ಣಿಗೆ ಏನು ಕಂಡಿರುತ್ತೆ ಅಂತ ಭಾವನಿಗೆ ಹೇಳಕ್ಕಾ. ಬದನೆಕಾಯಿ."

"ಏ! ಬದನೆಕಾಯಿಗೆ ಉರಿ ಇರುತ್ತೇನೋ? ಮೇಲೆ ಉರಿ ಬರೆದಿಲ್ವಾ ನಾನು?"

"ಅದು ಉರಿನಾ? ತೊಟ್ಟು ಅಂದುಕೊಂಡಿದ್ದೆ!"

ಗಮನಕ್ಕ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ಅವರು ಈಗ ಅವಳ ಮೂಲಕ ಮಾತಾಡುತ್ತಿರಲಿಲ್ಲ. ತಮ್ಮನ ಒಂದು ಹುಬ್ಬು, ಸೀಳಿದ್ದು, ಮೆಲ್ಲಗೆ ಮೇಲೇಳತೊಡಗಿತ್ತು.

"ಭಾವ, ಪಕ್ಷ ಆಮೇಲೆ," ಎಂದ ಅವನು. "ಆ ಗೋಡೆ ಮುಂದೆ ದಿನಾ ಓಡಾಡ್ತೀನಿ ನಾನು. ಕಣ್ಣು ಉರಿಯುತ್ತೆ. ಅದನ್ನ ಬರೆದವನು ನನ್ನ ಭಾವ ಅಂತ ಜನಕ್ಕೆ ಗೊತ್ತು. ನನ್ನ ಕಸುಬಿನ ಮಾನ ಹೋಗ್ತಿದೆ. ನಾಳೆ ಬಂದು ನಾನೇ ಸರಿಯಾದ ದೀಪ ಬರ್ದು ಹೋಗ್ತೀನಿ."

"ದೋಣಿಯವನು ದೀಪ ಬರೀತೀಯಾ?"

"ಬರೆಯೋದು ಕೈ. ಮತ ಹಾಕೋವಾಗ ಬೇರೆ ವಿಚಾರ."

"ಕೂಲಿ ಕೇಳಬೇಡ ಮತ್ತೆ."

"ಕೂಲಿ ಯಾರಿಗೆ ಬೇಕು? ಒಂದು ಮೂಲೇಲಿ ಅಂಗೈಯಗಲ ದೋಣಿ ಬರ್ಕೊಳ್ತೀನಿ."

"ಒಂದು ಅಂಗುಲಾನೂ ಇಲ್ಲ! ನೋಡೇ ಇವನ ಕೊಬ್ಬು..."

ಗಮನಕ್ಕನ ಪಾಳಿ ಶುರುವಾಗುವ ಹೊತ್ತಾಗಿತ್ತು. ನಿಲ್ದಾಣದ ಕಡೆಯಿಂದ ಯಾವುದೋ ಬಸ್ಸು ಸಹನೆ ಕಳೆದುಕೊಂಡು ಹಾರನ್ ಹೊಡೆಯುತ್ತಿತ್ತು. ಅವಳು ಕೈಚೀಲದಿಂದ ಮನೆಯ ಬೀಗದ ಕೈ ತೆಗೆದಳು. ಗಂಡ ಅದಕ್ಕಾಗಿ ಅಭ್ಯಾಸದಂತೆ ಕೈ ಚಾಚಿದ. ಅವಳು ಅದನ್ನು ತಮ್ಮನ ನೀಲಿ ಉಗುರುಗಳ ಅಂಗೈಯಲ್ಲಿಟ್ಟು ಬೆರಳು ಮಡಿಚಿದಳು. "ಅಡುಗೆ ಮುಚ್ಚಿಟ್ಟಿದ್ದೀನಿ. ಬಿಸಿ ಮಾಡ್ಕೊಳ್ಳಿ," ಎಂದಳು.

ಗಂಡ ಬೀಗದ ಕೈಯನ್ನೇ ನೋಡಿದ. ಆಮೇಲೆ ಭಾವಮೈದುನನಿಗೆ ಹೇಳಿದ: "ಬಾಗಿಲು ಎಳೆದು ಹಿಡಿದು ತಿರುಗಿಸಬೇಕು, ಗೊತ್ತಲ್ಲ. ಹೋದ ಸಲದ ಹಾಗೆ ಮುರಿಯಬೇಡ."

"ಮುರಿದದ್ದು ನೀವು ಭಾವ! ಅಕ್ಕಾ, ನೀನೇ ಹೇಳು, ಆವತ್ತು ಬೀಗ ಮುರಿದದ್ದು ಯಾರು?"

"ಹೇಳು, ಹೇಳು, ಚರ್ಚಿನ ಅಂಗಳದಲ್ಲಿ ನಿಂತಿದ್ದೀಯ, ಸುಳ್ಳು ಹೇಳಬೇಡ," ಎಂದ ಗಂಡ. "ಅಲ್ವೇ, ಅವತ್ತು ನಾನು ಊರಲ್ಲೇ ಇರಲಿಲ್ಲ... ಏ, ಎಲ್ಲಿ ಹೋದೆ?"

ಅವಳು ಆಗಲೇ ಗೇಟು ದಾಟಿ, ಗಂಟಲು ಸರಿಮಾಡಿಕೊಳ್ಳುತ್ತ, ನಿಲ್ದಾಣದ ಕಡೆಗೆ ನಡೆದುಬಿಟ್ಟಿದ್ದಳು.