ಎಲ್ವೇಸಿಯಾ ಅತ್ತೆಯ 5882353

ನನ್ನ ಸೋದರತ್ತೆ ಎಲ್ವೇಸಿಯಾ ಬೋರ್ಡೆನಾವೆ ಕಾಂಕೋರ್ದಿಯಾದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಲೆಕ್ಕ ಕಲಿಸಿದವಳು. ಹದಿನೆಂಟು ತುಂಬಿದಾಗ ಅವಳಿಗೆ ಸಿಕ್ಕ ಗುರುತಿನ ಪುಸ್ತಕದ ಸಂಖ್ಯೆ 5882353. ಇದು ಯಾವುದರಿಂದ ಭಾಗವಾಗುತ್ತದೆ ನೋಡೋಣ ಎಂದು ಕೂತಳು. ಎರಡರಿಂದ ಇಲ್ಲ, ಮೂರರಿಂದ ಇಲ್ಲ, ಏಳರಿಂದಲೂ ಇಲ್ಲ. ಚಳಿಗಾಲವಿಡೀ ಅಡುಗೆಮನೆಯ ಮೇಜಿನ ಮೇಲೆ, ಅದರ ವರ್ಗಮೂಲದೊಳಗೆ ಬರುವ, 2423ರವರೆಗಿನ ಮುನ್ನೂರ ಅರವತ್ತು ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿದಳು. ಪ್ರತಿ ಸಲವೂ ಶೇಷ ಉಳಿಯಿತು. ಅಂದರೆ ಅದೂ ಅವಿಭಾಜ್ಯವೇ!

ನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಬಗೆಯಲ್ಲಿ. ಅವಳದೂ ಅಂಥದ್ದೇ. ಆ ಜೋಡಿ ಹುಡುಕಲು, ಮದುವೆಯ ಗಡಿಬಿಡಿಯ ನಡುವೆ, ಮತ್ತೊಂದು ವರ್ಷ ಹಿಡಿಯಿತು. ಸಿಕ್ಕಿದ್ದು 588 ಮತ್ತು 2353. ಅವಳ ಸಂಖ್ಯೆಯನ್ನೇ ಕತ್ತರಿಸಿದಂತೆ ಎರಡು ತುಂಡು! ಎರಡನ್ನೂ ವರ್ಗ ಮಾಡಿ ಕೂಡಿದರೆ ಮತ್ತೆ ಅದೇ ಸಂಖ್ಯೆ.

ಗಂಡ ಎಬೆರ್‌ಗೆ ಓಡಿಹೋಗಿ ತೋರಿಸಿದಳು.

"ಭೇಷ್ ಕಣೇ! ನಾಳೆ ಲಾಟರೀಲಿ 588ರ ಮೇಲೆ ದುಡ್ಡು ಹಚ್ತೀನಿ."

"ಲಾಟರಿ ಅಲ್ಲ ಕಣ್ರೀ ಇದು! ನಿಮ್ ತಲೆಗಿಷ್ಟು..."

ಬೇಕರಿಯವನಿಗೆ ಹೇಳಿದರೆ, "ಲಾಟರಿ ನಂಬರಾ? ಕನಸಲ್ಲಿ ಬಂತಾ ಅಮ್ಮಾ?" ಎಂದ. ಪಾದ್ರಿಗೆ ಹೇಳಿದರೆ ಅವರು ಶಿಲುಬೆ ಗುರುತು ಹಾಕಿಕೊಂಡರು. ಮೂವತ್ತೈದು ವರ್ಷ ಊರಿನಲ್ಲಿ ಒಬ್ಬರೂ ಪೆನ್ಸಿಲ್ ಹಿಡಿದು ಕೂಡಿ ನೋಡಲಿಲ್ಲ. ನಾನೂ ನೋಡಲಿಲ್ಲ.

ನಿವೃತ್ತಿಯ ಕಾಗದಕ್ಕೆಂದು ಕಚೇರಿಗೆ ಹೋದ ದಿನ ಜೊತೆಯಲ್ಲಿದ್ದವನು ನಾನು. ಗುಮಾಸ್ತೆ ಯುವತಿ ಪರದೆ ನೋಡಿ, "5882335 ಅಂತಿದೆ. ನಿಮ್ಮ ಪುಸ್ತಕದಲ್ಲೇ ತಪ್ಪಿರ್ಬೇಕು," ಎಂದಳು.

ಅತ್ತೆ ಕೆಂಪಗಾದಳು. "ಐದರಿಂದ ಭಾಗ ಆಗೋದನ್ನ ನನ್ನ ತಲೆಗೆ ಕಟ್ತೀಯಾ? ಕ್ಯಾಲ್ಕುಲೇಟರ್ ತಗೋ. 588ರ ವರ್ಗ ಮಾಡು!"

"ಅತ್ತೆ, ಸಾಲು ಬೀದಿವರೆಗೆ ನಿಂತಿದೆ," ಎಂದೆ.

"ನಿಲ್ಲಲಿ! ಈಗ 2353ರ ವರ್ಗ. ಕೂಡು."

ಯುವತಿ ಬೇಸರದಿಂದಲೇ ಒತ್ತಿದಳು. ಉತ್ತರ ನೋಡಿ ಕಣ್ಣರಳಿಸಿದಳು. ಇನ್ನೊಮ್ಮೆ ಒತ್ತಿದಳು. ಕೊನೆಗೆ ನಿಟ್ಟುಸಿರಿಟ್ಟು, "ಲೆಕ್ಕ ಸರಿ, ಮೇಡಂ. ಆದ್ರೆ ಕಂಪ್ಯೂಟರ್‌ಗೆ ಅರ್ಜಿ ಬೇಕು. ಎರಡನೇ ಮಹಡಿ," ಎಂದಳು.

ಎರಡನೇ ಮಹಡಿಯವರು ಒಂದನೆಯದಕ್ಕೆ ಕಳಿಸಿದರು. ನಾಲ್ಕು ತಿಂಗಳಲ್ಲಿ ಏಳು ಸಲ ಅಲೆದೆವು. ಏಳನೆಯ ಸಲ ಕಂಪ್ಯೂಟರಿನಲ್ಲಿ ಕೊನೆಯ 35 ಅನ್ನು ತಿದ್ದಿ 53 ಮಾಡಿದರು. ಅತ್ತೆ ಥ್ಯಾಂಕ್ಸ್ ಕೂಡ ಹೇಳದೆ ಹೊರಬಂದಳು.

ನಾವು ಬಸ್ ಹತ್ತುವಷ್ಟರಲ್ಲಿ ಅದೇ ಯುವತಿ ತನ್ನ ಗುರುತಿನ ಚೀಟಿ ಹಿಡಿದು ಓಡಿಬಂದಳು. "ಮೇಡಂ, ನಂದು ಏನಾದ್ರೂ ವಿಶೇಷ ಇದೆಯಾ?"

ಅತ್ತೆ ಕೊನೆಯ ಅಂಕಿ ನೋಡಿ ಮುಖ ಗಂಟಿಕ್ಕಿದಳು. "ಸಮಸಂಖ್ಯೆ." ಹುಡುಗಿಯ ಮುಖ ಬಾಡಿತು.

"ಅದಕ್ಯಾಕೆ ಅಷ್ಟು ಸಪ್ಪಗಾಗ್ತೀಯಾ? ಅರ್ಧ ಮಾಡಿ ನೋಡೋಣ, ಕೂತ್ಕೋ," ಎಂದು ಅತ್ತೆ ಬೆಂಚಿನ ಮೇಲೆ ಕುಳಿತು ಪೆನ್ಸಿಲ್ ತೆಗೆದಳು. ಬಸ್ಸು ಹೊರಟುಹೋಯಿತು. ಮುಂದಿನದು ಒಂದು ಗಂಟೆಯ ನಂತರ.